ಮುರಾರಿಯವರ ಎಡ ಮೊಣಕಾಲು

೧೯೯೮ರಲ್ಲಿ ಮುಂಬಯಿ ಪಕ್ಕದ ವಾಶಿಯಲ್ಲಿ ಊರ್ಮಿಳಾ ಕೆಲಸ ಮಾಡುತ್ತಿದ್ದ ಶಿಪ್ಪಿಂಗ್ ಆಫೀಸಿನಲ್ಲಿ ಇಂಟರ್‌ನೆಟ್ ಇದ್ದದ್ದು ಒಂದೇ ಕಂಪ್ಯೂಟರಿಗೆ, ಅದು ಸಿಗುತ್ತಿದ್ದದ್ದು ಊಟದ ಹೊತ್ತಿಗೆ. ಅವಳು ಡಬ್ಬಿಯನ್ನು ಕೀಬೋರ್ಡಿನ ಪಕ್ಕದಲ್ಲಿಟ್ಟುಕೊಂಡೇ ಉಣ್ಣುತ್ತಿದ್ದಳು. ಅಮ್ಮ ತೀರಿಹೋಗಿ ಎಂಟು ತಿಂಗಳಾಗಿತ್ತು. ಡೊಂಬಿವಲಿಯ ಮನೆಯಲ್ಲಿ ಮಾತಿಗೆ ಒಂದು ಜನವಿಲ್ಲ; ಅವಳು ಸೇರಿದ್ದ ಕನ್ನಡಿಗರ ಇಮೇಲ್ ಕೂಟದಲ್ಲಿ ಮುನ್ನೂರು ಜನ, ಒಬ್ಬರು ಬರೆದದ್ದು ಎಲ್ಲರಿಗೂ ಹೋಗುತ್ತಿತ್ತು. ಆದರೂ ಅವಳು ಬರೆದದ್ದಕ್ಕೆ ಒಬ್ಬರೂ ಉತ್ತರಿಸಿರಲಿಲ್ಲ.

ಕೂಟದ ನಗೆಪಾಟಲು ಅಂಬರನಾಥದ ಮುರಾರಿಯವರು. ಚರ್ಚೆ ಕ್ರಿಕೆಟ್ಟಿನದಿರಲಿ, ಕಾವೇರಿಯದಿರಲಿ, ಅವರು ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಹಳೇ ಇನ್‌ಲ್ಯಾಂಡ್ ಕಾಗದದ ಧಾಟಿಯಲ್ಲೇ ಬರೆಯುತ್ತಿದ್ದರು: "ಉಭಯ ಕುಶಲೋಪರಿ. ಇತ್ತ ನಾನು ಕ್ಷೇಮ. ಎಡ ಮೊಣಕಾಲು ನೋಯುತ್ತಿದೆ. ನಿನ್ನೆ ಬದನೆ ಹುಳಿ ಮಾಡಿದೆ, ಉಪ್ಪು ಹೆಚ್ಚಾಯಿತು. ಮರುಟಪಾಲಿಗೆ ಉತ್ತರ ಬರೆಯಿರಿ." ಇಮೇಲಿಗೆ ಎಲ್ಲಿಯ ಟಪಾಲು? ಮಂದಿ ನಕ್ಕು ನಕ್ಕು ಸುಸ್ತಾದರು, ಉತ್ತರ ಮಾತ್ರ ಯಾರೂ ಬರೆಯಲಿಲ್ಲ.

ಎಲ್ಲರ ಕಣ್ಣಿಗೆ ಬೀಳುವ ಆಸೆ ಊರ್ಮಿಳೆಗೆ. ಒಂದು ಮಧ್ಯಾಹ್ನ ಅದೇ ಧಾಟಿಯಲ್ಲಿ ಅಣಕ ಬರೆದು ಕೂಟಕ್ಕೆ ಬಿಟ್ಟಳು: "ಪೂಜ್ಯ ಮುರಾರಿಯವರಿಗೆ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಎಡ ಮೊಣಕಾಲು ಕ್ಷೇಮವೇ? ಬಲಗಾಲು ಅದರ ಯೋಗಕ್ಷೇಮ ವಿಚಾರಿಸುತ್ತಿದೆಯೇ? ಉಪ್ಪು ಹಾಕುವಾಗ ಯಾರ ನೆನಪಾಗಿತ್ತು?"

ಮರುದಿನ ಇಪ್ಪತ್ತಮೂರು ಉತ್ತರ. "ಇಷ್ಟು ದಿನ ಎಲ್ಲಿದ್ರಿ ಮಾರಾಯ್ರೆ" ಎಂದು ಒಬ್ಬ ಕೇಳಿದ್ದ. ಅದನ್ನು ಅವಳು ನಾಲ್ಕು ಸಲ ಓದಿದಳು.

ಇಪ್ಪತ್ತನಾಲ್ಕನೆಯದು ಮುರಾರಿಯವರದು, ಅದೂ ಕೂಟಕ್ಕೇ. "ಮಗಳ ಸಮಾನಳಾದ ಊರ್ಮಿಳೆಗೆ ಆಶೀರ್ವಾದಗಳು. ನಿನ್ನ ಕಾಗದದಿಂದ ಬಹಳ ಸಂತೋಷವಾಯಿತು. ಬಲಗಾಲು ಪಾಪ, ಎರಡರ ಕೆಲಸವನ್ನೂ ಮಾಡುತ್ತಿದೆ. ಉಪ್ಪು ಹಾಕುವಾಗ ತೀರಿಹೋದ ನನ್ನವಳ ನೆನಪಾಗಿತ್ತು. ನಿನ್ನ ಕ್ಷೇಮಸಮಾಚಾರ ಬರೆ."

ಅದರ ಕೆಳಗೇ ಯಾರೋ ಬರೆದಿದ್ದರು: "ಅಜ್ಜ ನಂಬಿಬಿಟ್ರು. ಇನ್ನೊಂದು ಬಿಡಿ ಮೇಡಂ."

ಊರ್ಮಿಳಾ ನಾಚಿಕೆಯಿಂದ ಹಿಡಿಯಾದಳು. ಮುರಾರಿಯವರೊಬ್ಬರಿಗೇ ಬರೆದು ತಪ್ಪೊಪ್ಪಿಕೊಂಡರೆ ಆ ಇಪ್ಪತ್ತಮೂರು ಜನಕ್ಕೆ ತಿಳಿಯುವುದಿಲ್ಲ, ಅವರೂ ಕೈಬಿಡುವುದಿಲ್ಲ. ಆ ಆಸೆಯೂ ಬಂತು. ಆದರೂ ಕೂಟದ ವಿಳಾಸವನ್ನೇ ಹಾಕಿದಳು. "ಇತ್ತ ನಾನು ಕ್ಷೇಮ" ಎಂದು ಬರೆದು ಅಳಿಸಿದಳು.

"ಮೊದಲ ಕಾಗದ ಕುಚೋದ್ಯದ್ದು, ತಪ್ಪಾಯಿತು. ಇದು ನಿಜವಾದದ್ದು. ಇತ್ತ ನಾನು ಕ್ಷೇಮವಾಗಿಲ್ಲ. ಅಮ್ಮ ಹೋದ ಮೇಲೂ ದಿನಾ ಇಬ್ಬರಿಗಾಗುವಷ್ಟು ಅನ್ನ ಮಾಡಿಬಿಡುತ್ತೇನೆ. ಉತ್ತರ ಬರೆಯಿರಿ."

ಮರುದಿನ ಆ ಇಪ್ಪತ್ತಮೂರು ಜನರಲ್ಲಿ ಯಾರ ಸುದ್ದಿಯೂ ಇರಲಿಲ್ಲ. ಬಂದದ್ದು ಒಂದೇ ಕಾಗದ.

"ಕುಚೋದ್ಯವೆಂದು ನನಗೆ ಗೊತ್ತಾಗಿತ್ತು ಮಗಳೇ. ಆದರೂ ಮೊಣಕಾಲಿನ ಬಗ್ಗೆ ಕೇಳಿದ್ದು ನೀನೊಬ್ಬಳೇ. ಒಬ್ಬರಿಗೆ ಅರ್ಧ ಪಾವು ಅಕ್ಕಿ ಸಾಕು. ಅದನ್ನು ಕಲಿಯಲು ನನಗೂ ಒಂದು ವರ್ಷ ಹಿಡಿಯಿತು."