ತಿಳವಳ್ಳಿ ಬಿಲ್ಡ್

"ನನ್ನ ಡಬ್ಬಿ ಹಚ್ಚಿದ ಮೋಟರ್ ಸುಟ್ರ, ಯಾಕ ಸುಟ್ಟತು ಅನ್ನೂದನ್ನ ಇದ್ದಂಗ ಹೇಳ್ತೇನಿ ಕಾಕಾ. ಕರೆಂಟಿನ ಮ್ಯಾಲೆ ಹಾಕಿ ಕೈ ತೊಳಕೊಳ್ಳೂದಿಲ್ಲ."

ಒಂಬತ್ತು ವರ್ಷದ ಹಿಂದೆ, ಹಾನಗಲ್ಲಿನ ವೈಂಡಿಂಗ್ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಮಾಲಾ ಹುಸೇನಸಾಬನಿಗೆ ಹೀಗೆ ಮಾತು ಕೊಟ್ಟಿದ್ದಳು. ಡಿಪ್ಲೊಮಾ ಮುಗಿಸಿ ಎರಡು ವರ್ಷ ಅವನ ಕೈಕೆಳಗೆ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತಿದವಳು, ಇನ್ನು ಮೋಟರ್ ಕಾಯುವ ಡಬ್ಬಿಯನ್ನು ತಾನೇ ಮಾಡುತ್ತೇನೆಂದು ಹೊರಟಿದ್ದಳು. ಅವನು ಒಳ್ಳೆಯದಾಗಲಿ ಎನ್ನುವುದು ಬಿಟ್ಟು ಮಾತು ಕೇಳಿದ್ದ. "ಸ್ಟಾರ್ಟರ್ ಮಾಡೂ ಮಂದಿ ಸುಟ್ಟ ಮೋಟರ್ ನನ್ನ ಕಡೆ ಬರ್ತಾವು ಮಗಳ, ಅವರ ಮಾತು ರೈತನ ಕಡೆ ಹೋಗ್ತಾವು. ಎರಡೂ ಒಂದಕ್ಕೊಂದು ಕೂಡೂದಽ ಇಲ್ಲ" ಎಂದಿದ್ದ.

ಈಗ ಅದೇ ಹುಸೇನಸಾಬ ಫೋನಿನಲ್ಲಿದ್ದ.

"ತಿಳವಳ್ಳಿ ಸಿದ್ದವ್ವನ ಮೋಟರ್ ಬಂದದ. ಅದಕ್ಕ ನಿನ್ನ ಡಬ್ಬಿ ಐತಂತಲ್ಲ?"

"ಹೌದು ಕಾಕಾ. ಒಂದು ಫೇಸ್ ಹೋಗಿತ್ತೇನು?"

"ಫೇಸ್ ಹೋಗಿದ್ರ ಎರಡು ಪಾಲು ಸುಟ್ಟು ಒಂದು ಪಾಲು ಕೆಂಪಗ ಉಳೀತಿತ್ತು. ಇಷ್ಟು ಕಲಿಸಿಲ್ಲೇನು ನಿನಗ? ಇದು ಸುತ್ತೂ ಕಡೆ ಒಂದಽ ಸಮ ಕರ್ರಗಾಗೇತಿ, ಹಂಚಿನ ಮ್ಯಾಲೆ ಮರತ ರೊಟ್ಟಿಗತೆ. ವೋಲ್ಟೇಜ್ ಬಿದ್ದು, ಮೋಟರ್ ತಿಣಕಿ ತಿಣಕಿ ಸತ್ತದ. ಬಿದ್ದಾಗ ಬಂದ್ ಮಾಡಾಕಽ ಅಲ್ಲೇನು ನಿನ್ನ ಡಬ್ಬಿ ಇರೂದು?"

"ನೋಡ್ತೇನಿ ಕಾಕಾ."

"ನೋಡು. ನೋಡಿ ಆ ಹಿರೇ ಮನಶಾಳಿಗೆ ಹೇಳು. ಮೊಬೈಲ್ ಒತ್ತಾಕ ಬರೂದಿಲ್ಲ, ಏನೇನೋ ಒತ್ತಿ ಮೋಟರ್ ಸುಟ್ಟಿ ಅಂತ ಮಗ ನನ್ನ ಅಂಗಡ್ಯಾಗಽ ಆಕಿಗೆ ಬೈದ. ಆಕಿ ಕಣ್ಣಾಗ ನೀರು ತಂದ್ಲು."

ಫೋನಿಟ್ಟ ಮೇಲೆ ಮಾಲಾಳಿಗೆ ಕುಂತಲ್ಲಿ ಕೂರಲಾಗಲಿಲ್ಲ. ಶಿಗ್ಗಾಂವಿಯ ಸವಣೂರು ರಸ್ತೆಯಲ್ಲಿ, ಟೈರಿನ ಅಂಗಡಿಯ ಮೇಲಿನ ಎರಡು ಕೋಣೆಯೇ ಡಬ್ಬಿ ಮಾಡುವ ಕಾರ್ಖಾನೆ. ಕಿಟಕಿಯ ತನಕ ಹೋದಳು, ಬಂದಳು, ಲ್ಯಾಪ್‌ಟಾಪ್ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.

ಡಬ್ಬಿ ಎಂದರೆ ಹೊಲದ ಮೋಟರಿನ ಸ್ಟಾರ್ಟರ್ ಪಕ್ಕದಲ್ಲಿ ಕೂರುವ ಅಂಗೈಯಗಲದ ಪೆಟ್ಟಿಗೆ. ಮನೆಯಲ್ಲೇ ಕುಳಿತು ಮೊಬೈಲಿನಿಂದ ಮೋಟರ್ ಚಾಲೂ ಮಾಡಬಹುದು. ಮೂರು ಫೇಸಿನಲ್ಲಿ ಒಂದು ಹೋದರೆ ಅಥವಾ ವೋಲ್ಟೇಜ್ ಬಿದ್ದರೆ ಡಬ್ಬಿ ತಾನಾಗಿಯೇ ಬಂದ್ ಮಾಡಬೇಕು. ಒಳಗಿನ ಚಿಪ್‌ಗೆ ತುಂಬುವ ಪ್ರೋಗ್ರಾಮ್ ಎಲ್ಲ ಊರಿಗೂ ಒಂದೇ. ಆದರೆ ಊರಿಗೊಂದು ಬಿಲ್ಡ್, ಅಂದರೆ ಆ ಊರಿನ ಸೆಟ್ಟಿಂಗ್ ಸೇರಿಸಿ ಸಿದ್ಧಮಾಡಿದ ಪ್ರತಿ. ಹುಲಗೂರಿನಲ್ಲಿ, ನಾನೂರರ ಮೇಲಿರಬೇಕಾದ ವೋಲ್ಟೇಜ್ ಮುನ್ನೂರ ಐವತ್ತಕ್ಕೆ ಇಳಿದರೆ ಬಂದ್ ಮಾಡು ಎಂದರೆ ನಡೆಯುತ್ತದೆ. ಹಿರೇಬೆಂಡಿಗೇರಿಯಲ್ಲಿ ಅಷ್ಟಕ್ಕೇ ಇಟ್ಟರೆ ಅರ್ಧ ಮೋಟರುಗಳು ಏಳುವುದೇ ಇಲ್ಲ, ಇನ್ನೂ ಕೆಳಗೆ ಇಡಬೇಕು. ಹಾಗಾಗಿ ಮಾಲಾಳ ಪರದೆಯ ಎಡಕ್ಕೆ ಊರುಗಳ ಹೆಸರು ಸಾಲಾಗಿ ಇಳಿದಿದ್ದವು, ಬಸ್ ನಿಲ್ದಾಣದ ಬೋರ್ಡಿನ ಹಾಗೆ. ಯಾವ ಊರಿನ ಮೇಲೆ ಒತ್ತಿದರೆ ಆ ಊರಿನ ಸೆಟ್ಟಿಂಗ್ ತೆರೆದುಕೊಳ್ಳುತ್ತಿತ್ತು.

ಪಟ್ಟಿಯಲ್ಲಿ ಊರಲ್ಲದ ಹೆಸರು ಒಂದೇ: ಟೇಬಲ್. ಕಾರ್ಖಾನೆಗೆ ಬರುವುದು ಒಂದೇ ಫೇಸಿನ ಕರೆಂಟು. ಊರಿನ ಬಿಲ್ಡ್ ತುಂಬಿದ ಡಬ್ಬಿಯನ್ನು ಇಲ್ಲಿಯ ಮೇಜಿನ ಮೇಲಿಟ್ಟರೆ, ಎರಡು ಫೇಸ್ ಇಲ್ಲ ಎಂದು ಕೆಂಪು ದೀಪ ಹಚ್ಚಿ ಮುನಿಸಿಕೊಳ್ಳುತ್ತದೆ. ಆದ್ದರಿಂದ ಪರೀಕ್ಷೆಗೆಂದೇ, ಎಲ್ಲ ಕಾವಲನ್ನೂ ತೆಗೆದುಹಾಕಿದ ಬಿಲ್ಡ್ ಒಂದನ್ನು ಮಾಡಿಟ್ಟಿದ್ದಳು. ಮೊದಲು ಟೇಬಲ್ ಬಿಲ್ಡ್ ತುಂಬಿ ನೋಡುವುದು, ಹಸಿರು. ಆಮೇಲೆ ಊರಿನ ಬಿಲ್ಡ್ ತುಂಬುವುದು, ಕೆಂಪು. ಕೆಂಪಾದರೆ ಡಬ್ಬಿ ಎಚ್ಚರವಾಗಿದೆ, ಹೊಲಕ್ಕೆ ಹೋಗಬಹುದು.

ತಿಳವಳ್ಳಿಯ ಸೆಟ್ಟಿಂಗ್ ತೆರೆದಳು. ಚಿಪ್‌ನ ಹೆಸರು ಸರಿಯಾಗಿತ್ತು. ಮೆಮೊರಿಯ ಅಳತೆ ಸರಿಯಾಗಿತ್ತು. ವೋಲ್ಟೇಜಿನ ಮಿತಿ ಮುನ್ನೂರ ಮೂವತ್ತು, ಅದೂ ಸರಿ. ಎದೆ ಸ್ವಲ್ಪ ಹಗುರಾಯಿತು. ಅಷ್ಟರಲ್ಲಿ ಫಕ್ಕೀರೇಶ ಚಹಾ ಹಿಡಿದು ಬಂದ. ಊರೂರು ತಿರುಗಿ ಡಬ್ಬಿ ಮಾರುವವನು ಅವನೇ. ಕಾರ್ಖಾನೆಯಲ್ಲಿ ಅರ್ಧ ಪಾಲು ಅವನದು.

"ಫಕ್ಕೀರೇಶಣ್ಣ, ತಿಳವಳ್ಳಿ ಡಬ್ಬಿ ಟೆಸ್ಟ್ ಮಾಡಿದ ದಿನ ನೆನಪೈತೇನು?"

"ಮರೀತೇನೇನವಾ? ಮೂವತ್ತೆರಡಕ್ಕ ಮೂವತ್ತೆರಡೂ ಹಸರ! ಒಂದೂ ತಕರಾರ ಮಾಡ್ಲಿಲ್ಲ. ಹೊಸಾ ಚಿಪ್ ಭಾಳ ಶಾಣ್ಯಾ ಐತಿ ಅಂತ ನಾನಽ ಪೇಢೆ ತಂದಿದ್ನೆಲ್ಲ."

ಮಾಲಾ ಚಹಾ ಕೆಳಗಿಟ್ಟಳು. "ಊರಿನ ಬಿಲ್ಡ್ ತುಂಬಿದ ಮ್ಯಾಲೂ ಹಸರ ಇತ್ತೇನು?"

"ಹೂಂ ಮತ್ತ."

ಸೆಟ್ಟಿಂಗಿನ ಕೆಳತುದಿಯವರೆಗೆ ಇಳಿದಳು. ಅಲ್ಲಿತ್ತು, ಒಂದೇ ಪದ, ಕಾವಲು ಬೇಡ ಎನ್ನುವ ಪದ. ಹಳೆಯ ಚಿಪ್ ಪೇಟೆಯಲ್ಲಿ ಸಿಗದಾಗಿ, ಹೊಸದಕ್ಕೆ ಬಿಲ್ಡ್ ಮಾಡಲು ಮೂರು ದಿನ ಒದ್ದಾಡಿದ್ದಳು. ಮೊದಲು ಸರಿಹೋದದ್ದು ಟೇಬಲ್ ಬಿಲ್ಡ್. ಅದನ್ನೇ ನಕಲು ಮಾಡಿ, ತಿಳವಳ್ಳಿ ಎಂದು ಹೆಸರಿಟ್ಟು, ವೋಲ್ಟೇಜಿನ ಮಿತಿ ತುಂಬಿದ್ದಳು. ಆ ಒಂದು ಪದ ಅಳಿಸುವುದು ಉಳಿದಿತ್ತು. ಬಿಲ್ಡ್ ಆಗುವಾಗ ಕಂಪ್ಯೂಟರ್ ಎಚ್ಚರಿಸಿಯೂ ಇತ್ತು. ಆದರೆ ಅದು ಪ್ರತಿಸಲ ಉಗುಳುವ ನೂರಿಪ್ಪತ್ತು ಹಳದಿ ಸಾಲುಗಳಲ್ಲಿ ಅದೂ ಒಂದು; ಹಳದಿ ಸಾಲು ಓದುವುದನ್ನು ಅವಳು ಬಿಟ್ಟು ವರ್ಷಗಳಾಗಿದ್ದವು. ಆ ದಿನ ಮಗಳು ಐಶ್ವರ್ಯಾಳಿಗೆ ಜ್ವರ. ಇಲ್ಲೇ ರಟ್ಟಿನ ಪೆಟ್ಟಿಗೆ ಹಾಸಿ ಮಲಗಿಸಿ, ಡಬ್ಬಿಗಳ ದೀಪ ನೋಡುವುದನ್ನು ಫಕ್ಕೀರೇಶನಿಗೆ ಬಿಟ್ಟಿದ್ದಳು. ಅದನ್ನು ನೆನೆದು, ಜ್ವರದ ಮೇಲೆ ಹಾಕಬೇಡ ಎಂದು ತನಗೇ ಬೈದುಕೊಂಡಳು.

ವಿಷಯ ತಿಳಿದ ಫಕ್ಕೀರೇಶ ಗಿರಾಕಿಗಳ ಪಟ್ಟಿ ತೆಗೆದ. ಆಮೇಲೆ, "ಉಳಿದ ಮೂವತ್ತೊಂದು ಮನಿಗೆ ಈಗಽ ಫೋನ್ ಮಾಡ್ತೇನಿ. ಅಪ್‌ಡೇಟ್ ಐತಿ, ನಾವು ಬರೂತನಕಾ ಮೋಟರ್ ಮುಟ್ಟಬ್ಯಾಡ್ರಿ ಅಂತೇನಿ" ಎಂದ.

"ಸಿದ್ದವ್ವಗ?"

"ನೋಡವಾ. ಹಾನಗಲ್ಲ, ಹಿರೇಕೆರೂರ, ಎಲ್ಲಾ ಕಡೆ ಮಂದಿ ನನ್ನ ಮಾರಿ ನೋಡಿ ತಗೊಂಡಾರ. ಡಬ್ಬಿಯವರಽ ಮೋಟರ್ ಸುಟ್ರಂತ ಅಂತ ಸುದ್ದಿ ಎದ್ರ, ಬರೂ ಸಂತಿಯೊಳಗ ನಾವು ಬಾಗಲಾ ಹಾಕಬೇಕಾಕ್ಕೈತಿ. ಸುಳ್ಳು ಹೇಳಂತ ನಾ ಅನ್ನೂದಿಲ್ಲ. ವೋಲ್ಟೇಜ್ ಬಿದ್ದದ್ದು ಖರೇನ ಐತಲ್ಲ? ಅಷ್ಟಽ ಹೇಳು."

"ನಾನು ಇದ್ದಂಗ ಹೇಳ್ತೇನಿ."

"ಹೇಳವಾ. ಬ್ಯಾಡ ಅಂದ್ನೇನು? ನಿನ್ನ ಬಾಯಿ."

ವ್ಯಾನು ಹಾನಗಲ್ಲು ದಾಟಿ ಗೋವಿನಜೋಳದ ಹೊಲಗಳ ನಡುವೆ ಹೋಗುವಾಗ ಮಾಲಾ ಮನಸ್ಸಿನಲ್ಲೇ ವಾಕ್ಯ ಜೋಡಿಸಿದಳು. "ತಪ್ಪು ನನ್ನದು" ಎಂದು ಮೊದಲೇ ಅಂದುಬಿಟ್ಟರೆ ಮುಂದಿನದು ತಾನಾಗಿ ಬರುತ್ತದೆ. ಸೀಟಿನ ಅಂಚಿಗೆ ಸರಿದಳು, ಹಿಂದಕ್ಕೆ ಒರಗಿದಳು, ಕಿಟಕಿ ಏರಿಸಿದಳು, ಇಳಿಸಿದಳು. "ಸುಮ್ಮನ ಕುಂದ್ರವಾ, ವ್ಯಾನಽ ನಡಗಾಕತ್ತೈತಿ" ಎಂದ ಫಕ್ಕೀರೇಶ.

ತಿಳವಳ್ಳಿಯಲ್ಲಿ ಸಿದ್ದವ್ವನ ದೊಡ್ಡ ಮನೆ. ಕಟ್ಟೆಯ ಮೇಲೆ ಬಿಚ್ಚಿ ತಂದ ಡಬ್ಬಿ ಇತ್ತು. ಮಗ ಬಸವೇಶ ಕುರ್ಚಿ ಹಾಕಿದ. "ಬರ್ರಿ ಮೇಡಂ. ನಮ್ಮವ್ವನ ಕಾರಭಾರ ನೋಡ್ರಿ. ಮೊಬೈಲ್ ಕಸಗೊಂಡೇನಿ. ಇನ್ನ ಮ್ಯಾಲೆ ಮೋಟರ್ ಸುದ್ದಿಗೆ ಬರಬ್ಯಾಡ ಅಂದೇನಿ."

"ಹಸರ ಬಟನ್ನಽ ಒತ್ತೇನವಾ ನಾನು," ಸಿದ್ದವ್ವ ಬಾಗಿಲ ಚೌಕಟ್ಟು ಹಿಡಿದು ನಿಂತೇ ಹೇಳಿದಳು. ಅರವತ್ತು ದಾಟಿದ ಗಟ್ಟಿ ಹೆಂಗಸು, ಮಗನ ಕಡೆ ತಿರುಗಿದಳು. "ನಿಮ್ಮಪ್ಪ ಸತ್ತಾಗಿಂದ ಈ ಹೊಲಕ್ಕ ನೀರು ಬಿಟ್ಟಾಕಿ ಯಾರಲೇ? ನೀ ಶಾಣ್ಯಾ ಆಗಿದ್ದು ನಿನ್ನೆ ಮೊನ್ನೆ." ಮಾಲಾಳ ಕಡೆ ತಿರುಗಿದಾಗ ಮಾತ್ರ ದನಿ ಇಳಿಯಿತು. "ಖರೇ ಹೇಳವಾ ತಾಯಿ. ನಾ ಏನರ ತಪ್ಪು ಒತ್ತೇನೇನು? ಮೂರು ದಿನಾ ಆತು, ನಿದ್ದಿ ಹತ್ತವಲ್ದು."

"ಇಲ್ರಿ ಅವ್ವಾರ. ನಿಮ್ಮದೇನೂ ತಪ್ಪಿಲ್ಲ."

"ಕೇಳ್ದೀ?" ಎಂದಳು ಸಿದ್ದವ್ವ ಮಗನಿಗೆ.

"ಮತ್ತ ಯಾರದ್ರಿ?" ಎಂದ ಬಸವೇಶ.

ಫಕ್ಕೀರೇಶ ಅಂಗಳದ ಕಡೆ ಮುಖ ತಿರುಗಿಸಿ ನಿಂತಿದ್ದ. ಮಾಲಾ ಬಾಯಿ ತೆರೆದಳು. ದಾರಿಯುದ್ದಕ್ಕೂ ಜೋಡಿಸಿದ ವಾಕ್ಯ ಇತ್ತು, ಅದರ ಮೊದಲ ಪದ ಮಾತ್ರ ಮೇಲೆ ಬರಲಿಲ್ಲ.

"ವೋಲ್ಟೇಜ್ ಬಿದ್ದಿತ್ರಿ," ಎಂದಳು.

"ಬಿದ್ರ ನಿಮ್ಮ ಡಬ್ಬಿ ಬಂದ್ ಮಾಡತೈತಿ ಅಂದಿದ್ರಲ್ಲ?"

"ಮಾಡತೈತ್ರಿ. ಆದ್ರ... ಒಮ್ಮಿಂದೊಮ್ಮಿಗೆ ಭಾಳ ಬಿದ್ರ ಯಾವ ಡಬ್ಬಿನೂ ತಡಿಯೂದಿಲ್ರಿ."

ಹೀಗೊಂದು ವಾಕ್ಯ ತನ್ನೊಳಗೆ ಇದ್ದದ್ದು ಅವಳಿಗೇ ಗೊತ್ತಿರಲಿಲ್ಲ. ಹೇಳಿ ಮುಗಿಸುವುದರೊಳಗೆ ಸಿದ್ದವ್ವ ಒಳಗೆ ಹೋಗಿ, ಮಗ ಕಸಿದು ಗೋಡೆಯ ಗೂಡಿನಲ್ಲಿಟ್ಟಿದ್ದ ಮೊಬೈಲ್ ತಂದಿದ್ದಳು. ಅವಳ ಮುಖ ಅರಳಿತ್ತು. ಲೈನ್‌ಮನ್ ಗುಡ್ಡಪ್ಪನಿಗೆ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಒತ್ತಿದಳು.

"ಏ ಗುಡ್ಡಪ್ಪ, ಎಂಥಾ ಕರೆಂಟ್ ಕೊಡ್ತೀಯೋ ನೀನು? ನನ್ನ ಮೋಟರ್ ಸುಟ್ಟೀ. ಡಬ್ಬೀ ಮೇಡಂನವರಽ ಬಂದು ಹೇಳಾಕತ್ತಾರ! ಮೂರು ದಿನಾ ನಾ ಬೈಸಿಕೊಂಡೇನಿ, ಇನ್ನ ನಿನ್ನ ಪಾಳಿ."

"ಬೈರಿ ಅವ್ವಾರ, ನೀವೊಬ್ರು ಉಳದಿದ್ರಿ," ಗುಡ್ಡಪ್ಪನ ದನಿ ತುತ್ತು ನುಂಗುತ್ತಾ ಬಂತು. "ಊಟಕ್ಕ ಕುಂತೇನ್ರಿ. ಮುಗಿಸಿ ಬಂದು ಕಂಬಾ ಏರಿ ನೋಡ್ತೇನಿ."

ಬಸವೇಶನೂ ನಕ್ಕ. ಮಾಲಾ ತಲೆ ಬಗ್ಗಿಸಿ ಡಬ್ಬಿಗೆ ವೈರು ಚುಚ್ಚಿ, ಆ ಪದ ಅಳಿಸಿ ಮಾಡಿ ತಂದಿದ್ದ ಹೊಸ ಬಿಲ್ಡ್ ತುಂಬಿದಳು. ದೀಪ ಕೆಂಪಾಯಿತು.

"ಕೆಂಪಾತಲ್ಲವಾ! ಕೆಟ್ಟತೇನು?"

"ಇಲ್ರಿ ಅವ್ವಾರ. ಮನ್ಯಾಗ ಹಿಂಗಽ ಇರಬೇಕು. ಹೊಲದಾಗ ಮೂರೂ ಫೇಸ್ ಸಿಕ್ಕ ಮ್ಯಾಲೆ ಹಸರ ಆಗತೈತಿ."

ಉಳಿದ ಡಬ್ಬಿಗಳು ಹೊಲಗಳಲ್ಲಿದ್ದವು. ಕೆಸರು ಬದುವಿನ ಮೇಲೆ ಲ್ಯಾಪ್‌ಟಾಪ್ ಎದೆಗವಚಿಕೊಂಡು ಒಂದೊಂದಕ್ಕೇ ನಡೆದಳು. ಮೊದಲ ಮೂರು ಕಡೆ ಯಾಕೆ, ಏನು ಎಂದು ಕೇಳಿದರು, ವೋಲ್ಟೇಜ್ ಎಂದಳು. ಆಮೇಲೆ ಯಾರೂ ಕೇಳಲಿಲ್ಲ, ಅವರೇ ಹೇಳತೊಡಗಿದರು. "ವೋಲ್ಟೇಜ್ ಅಂತಲ್ರಿ ಮೇಡಂ. ಪಾಪ, ನೀವರ ಎಷ್ಟಂತ ಮಾಡ್ತೀರಿ?" ಒಬ್ಬರು ಎಳನೀರು ಕೆತ್ತಿ ಕೊಟ್ಟರು. ಬೇಡವೆನ್ನಲು ಆಗಲಿಲ್ಲ, ಕುಡಿದಳು.

ಹದಿನಾಲ್ಕನೆಯ ಡಬ್ಬಿ ಮುಗಿಸಿ ಬರುವಾಗ ಟ್ರಾನ್ಸ್‌ಫಾರ್ಮರ್ ಕಂಬದ ಮೇಲೆ ಗುಡ್ಡಪ್ಪ ಕಂಡ. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಒಂದೊಂದೇ ಜೋಡಣೆಯನ್ನು ಇಕ್ಕಳದಿಂದ ಅಲುಗಿಸಿ ನೋಡುತ್ತಿದ್ದ. ಬೆನ್ನಿನ ಅಂಗಿ ಪೂರ್ತಿ ತೊಯ್ದಿತ್ತು.

"ಮೇಡಂ!" ಮೇಲಿಂದಲೇ ಕೂಗಿದ. "ಎಷ್ಟಕ್ಕ ಬಿದ್ದಿತ್ರಿ? ಎಲ್ಲಾ ಬಿಚ್ಚಿ ನೋಡಿದೆ, ಎಲ್ಲೂ ದೋಷ ಕಾಣವಲ್ದು."

ಮಾಲಾ ನಿಂತಳು. ಗಾಳಿಗೆ ಗೋವಿನಜೋಳದ ಗರಿ ಒಂದಕ್ಕೊಂದು ಉಜ್ಜಿಕೊಂಡು ಸದ್ದು ಮಾಡುತ್ತಿದ್ದವು. ಗುಡ್ಡಪ್ಪ ಉತ್ತರಕ್ಕಾಗಿ ಕಿವಿಯ ಹಿಂದೆ ಕೈ ಇಟ್ಟುಕೊಂಡ.

"ಭಾಳ ಬಿದ್ದಿತ್ರಿ," ಎಂದು ಕೂಗಿದಳು. "ಇನ್ನೊಮ್ಮಿ ನೋಡ್ರಿ."

ಅವನು ತಲೆಯಾಡಿಸಿ, ಹಗ್ಗ ಸರಿಮಾಡಿಕೊಂಡು, ಮೊದಲ ಜೋಡಣೆಯಿಂದ ಮತ್ತೆ ಶುರುಮಾಡಿದ. ಹುಸೇನಸಾಬನಿಗೆ ಕೊಟ್ಟ ಮಾತನ್ನು ಮಾಲಾ ಉಳಿಸಿಕೊಳ್ಳಲಿಲ್ಲ.