ಪಂಕ್ತಿಯಲ್ಲಿ ಕುಸುಮತ್ತೆ

ಮೂವತ್ತು ವರ್ಷ ದೊಡ್ಡ ದೊಡ್ಡ ಹೋಟೆಲುಗಳ ಕ್ಯಾಬರೆಯಲ್ಲಿ ಮಿನುಗುವ ಗೌನು ತೊಟ್ಟು ಪ್ರೇಮಗೀತೆ ಹಾಡಿದ ಕುಸುಮತ್ತೆ, ಸಂಹಿತಾ ಹಟ ಹಿಡಿದು ಕರೆದಳೆಂದು ಅವಳ ಮಗನ ಉಪನಯನಕ್ಕೆ ಮಡಿಕೇರಿಗೆ ಬಂದಿದ್ದರು. "ಉಣ್ಣುವವರ ಮುಂದೆ ಕೂತು ಹಾಡುವವಳು" ಎಂದು ಹೀಗಳೆದು, ಸಂಹಿತಾಳ ಅಪ್ಪ ನರಸಿಂಹ ಭಟ್ಟರು ಈ ತಂಗಿಯೊಡನೆ ಮಾತು ಬಿಟ್ಟು ನಲವತ್ತು ವರ್ಷವಾಗಿತ್ತು.

ಊಟದ ಪಂಕ್ತಿಯಲ್ಲಿ ಪದ್ಧತಿಯಂತೆ ಒಬ್ಬೊಬ್ಬರೇ ಶ್ಲೋಕ ಹೇಳುತ್ತಿದ್ದರು. ಒಂದೊಂದು ಮುಗಿದಾಗಲೂ ಭಟ್ಟರು "ನಮಃ ಪಾರ್ವತೀಪತಯೇ" ಎಂದು ಕೂಗುವುದು, ಪಂಕ್ತಿಯೆಲ್ಲ "ಹರ ಹರ ಮಹಾದೇವ" ಎನ್ನುವುದು. ಸರದಿ ಅತ್ತೆಗೆ ಬಂತು.

"ನಂಗೆ ಶ್ಲೋಕ ಎಲ್ಲ ಮರ್ತೇಹೋಗಿದೆ ಮಾರಾಯ್ತಿ."

"ಬರೋದನ್ನೇ ಹಾಡಿ, ಅತ್ತೆ," ಎಂದಳು ಪಕ್ಕದಲ್ಲಿದ್ದ ಸಂಹಿತಾ.

ಹೊರಟು ನಿಂತವನನ್ನು ಇನ್ನೊಂದು ಗಳಿಗೆ ಕೂರು ಎಂದು ಬೇಡುವ ಹಾಡನ್ನು ಅತ್ತೆ ಎತ್ತಿಕೊಂಡರು. ದನಿ ಪಿಸುಮಾತಿಗಿಂತ ಮೇಲೇರಲೇ ಇಲ್ಲ. ಸಂಹಿತಾ ತಲೆಯೆತ್ತಿ ನೋಡಿದವಳು ಬೆರಗಾದಳು. ಪಂಕ್ತಿಯುದ್ದಕ್ಕೂ ಕೈಗಳು ಎಲೆಯ ಮೇಲೆ ಹಾಗೇ ನಿಂತುಬಿಟ್ಟಿದ್ದವು. ಬಡಿಸುವವನು ಸೌಟು ಬಗ್ಗಿಸಿಕೊಂಡೇ ಮೈಮರೆತಿದ್ದ. ಸಾರು ಎಲೆ ದಾಟಿ ಪಂಚೆಗೆ ಹರಿದರೂ ಯಾರೂ ಅಲುಗಲಿಲ್ಲ.

ಹಾಡು ಮುಗಿಯಿತು. ಆಗ ಪಂಕ್ತಿಯ ತುದಿಯಿಂದ ಭಟ್ಟರ ನಡುಗುವ ದನಿ ಎದ್ದಿತು:

"ನಮಃ ಪಾರ್ವತೀಪತಯೇ!"