ಕಮಲಾಕ್ಷಿಯ ಕೈ

ವಿಶ್ವಜಿತ್‌ನ ಕಾರು ಲಿಂಗಂಪಲ್ಲಿ ದಾಟಿತೆಂದು ಫೋನು ಬಂದಾಗ ತುಳಸಾಬಾಯಿ ಸ್ಟೂಲಿನ ಮೇಲೆ ನಿಂತು ಒಳಕೋಣೆಯ ಗೋಡೆಯಿಂದ ಚಿತ್ರಗಳನ್ನು ಇಳಿಸುತ್ತಿದ್ದಳು. ಹೊರಗೆ ಪಡಸಾಲೆಯಲ್ಲಿ ಅವಳ ತಮ್ಮ ಪ್ರಾಣೇಶನ ಹೆಂಡತಿ ಕಮಲಾಕ್ಷಿಯನ್ನು ಹಸಿರು ಸೀರೆ ಉಡಿಸಿ, ಹಣೆತುಂಬ ಕುಂಕುಮ ಹಚ್ಚಿ ಮಲಗಿಸಿದ್ದರು. ನಸುಕಿನಲ್ಲಿ ಎದೆ ಹಿಡಿದುಕೊಂಡು ಕೂತವಳು ಮತ್ತೆ ಎದ್ದಿರಲಿಲ್ಲ. ಮುತ್ತೈದೆ ಸಾವು, ಪುಣ್ಯವಂತೆ ಎಂದು ಹೈದರಾಬಾದಿನ ಮಿಯಾಪುರದ ಆ ಅಪಾರ್ಟ್‌ಮೆಂಟಿನ ಹೆಂಗಸರು ತೆಲುಗಿನಲ್ಲಿ ಮಾತಾಡಿಕೊಳ್ಳುತ್ತಿದ್ದರು.

"ಅವು ಇರ್ಲಿ ಬಿಡಕ್ಕಾ," ಎಂದ ಪ್ರಾಣೇಶ, ಬಾಗಿಲಲ್ಲಿ ನಿಂತು.

"ಅಳಿಯಾ ಬರ್ಲಿಕ್ಕತ್ತಾನ. ಜೊತಿಗೆ ನಿರೀಕ್ಷಾನೂ ಇದ್ದಾಳ. ಅವರವ್ವನ ಈ ಚಿತ್ರ ಆಕಿ ಕಣ್ಣಿಗೆ ಬಿದ್ದರ ಮುಗೀತು. ಮೊಮ್ಮಗಳ ಮಾರಿನೂ ತೋರಸಂಗಿಲ್ಲ ನಿನಗ ಅಂವ."

ಪ್ರಾಣೇಶ ಒಳಗೆ ಬಂದ. ಮಗಳು ಪ್ರಿಯಂವದಾಳ ಚಿತ್ರ ಎದೆಮಟ್ಟದ ದಪ್ಪ ಮರದ ಹಲಗೆಯ ಮೇಲಿತ್ತು, ಒಬ್ಬರಿಂದ ಏಳುತ್ತಿರಲಿಲ್ಲ. ಅಕ್ಕ ತಮ್ಮ ಇಬ್ಬರೂ ಹಿಡಿದು ಇಳಿಸಿ ಕಪಾಟಿನ ಹಿಂದೆ ಸರಿಸಿದರು. ತುಳಸಾಬಾಯಿ ಅದರ ಮೇಲೊಂದು ಚಾದರ ಹೊದಿಸಿದಳು.

*

ಕಮಲಾಕ್ಷಿ ಚಿತ್ರ ಕಲಿತದ್ದು ಬೇಗಂ ಬಜಾರಿನಲ್ಲಿ, ಹಂಪಯ್ಯನ ಅಂಗಡಿಯಲ್ಲಿ. ಪಾತ್ರೆ ಅಂಗಡಿಗಳ ನಡುವಿನ ಸಂದಿಯಲ್ಲಿ ಕೂತು ಹಂಪಯ್ಯ ಸತ್ತವರ ಸಣ್ಣ ಫೋಟೋ ನೋಡಿ, ಹಾರ ಹಾಕುವಂಥ ದೊಡ್ಡ ಚಿತ್ರ ಬರೆದುಕೊಡುತ್ತಿದ್ದ. ಅತ್ತೆಯ ಚಿತ್ರ ಬರೆಸಲು ಹೋದ ಕಮಲಾಕ್ಷಿ ಅವನು ಕೆನ್ನೆಗೆ ಬಣ್ಣ ಹಚ್ಚುವುದನ್ನೇ ನೋಡುತ್ತ ನಿಂತಳು. ಮರುವಾರ ಮಗಳನ್ನು ಶಾಲೆಗೆ ಬಿಟ್ಟು ಮತ್ತೆ ಹೋದಳು, "ನನಗೂ ಕಲಸ್ತೀರೇನ್ರಿ?" ಎಂದು ಕೇಳಿದಳು.

ಅವನ ಪಾಠ ಒಂದೇ. "ಮುಖದಾಗ ಸುಕ್ಕು ಬರೀಬಾರದವ್ವಾ. ಕಣ್ಣಾಗ ಒಂದು ಬಿಳೀ ಚುಕ್ಕಿ, ಗಲ್ಲಕ್ಕ ಗುಲಾಬಿ, ಹಿಂದ ಆಕಾಶ. ಮನಿಯವರು ನೋಡಿ ಸಮಾಧಾನ ಮಾಡ್ಕೋಬೇಕು."

ಅವಳು ಹಾಗೆಯೇ ಬರೆದಳು. ಹೈದರಾಬಾದಿನ ಎಷ್ಟೋ ಕನ್ನಡದವರ ಮನೆಗಳಲ್ಲಿ ಅವಳು ಬರೆದ ಅಜ್ಜ ಅಜ್ಜಿಯರು ಗುಲಾಬಿ ಗಲ್ಲದಿಂದ ನಗುತ್ತಿದ್ದರು. ಯಾವುದು ಹಂಪಯ್ಯನದು, ಯಾವುದು ಅವಳದು ಎಂದು ಅವರಿಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಅವಳಿಗೆ ಅದೇ ಹೆಮ್ಮೆಯಾಗಿತ್ತು.

ಆಮೇಲೆ ಸಂಗಾರೆಡ್ಡಿಯಲ್ಲಿ, ಗಂಡನ ಮನೆಯಲ್ಲಿ, ಪ್ರಿಯಂವದಾ ಸತ್ತಳು. ಬಚ್ಚಲಲ್ಲಿ ಜಾರಿ ಬಿದ್ದಳು ಎಂದ ವಿಶ್ವಜಿತ್. ತಲೆಯ ಹಿಂಭಾಗ ಒಡೆದಿತ್ತು. ಹೆಣಕ್ಕೆ ನೀರು ಹಾಕುವಾಗ ಕಮಲಾಕ್ಷಿ ಕುಪ್ಪಸ ಬಿಚ್ಚಿದಳು. ಎಡಗೈಯ ರಟ್ಟೆಯ ಮೇಲೆ ಒಂದು ಕಡೆ ನಾಲ್ಕು ಬೆರಳು, ಇನ್ನೊಂದು ಕಡೆ ಹೆಬ್ಬೆರಳು ನೀಲಿಗಟ್ಟಿ ಕೂತಿದ್ದವು. ಕೊಡ ಹಿಡಿದಿದ್ದ ತುಳಸಾಬಾಯಿಯೂ ನೋಡಿದಳು.

"ಉದ್ದ ತೋಳಿಂದು ಕುಪ್ಪಸ ತೊಡಸೋಣು," ಎಂದಳು ತುಳಸಾಬಾಯಿ, ಕೊಡ ಕೆಳಗಿಟ್ಟು. "ಬಾಯಿ ಬಿಡಬ್ಯಾಡ ಕಮಲಾ. ಕೂಸು ಅವರ ಕೈಯಾಗ ಅದ."

ಅಂಗಳದಲ್ಲಿ ವಿಶ್ವಜಿತ್ ನಿದ್ದೆಹೋದ ನಿರೀಕ್ಷಾಳನ್ನು ಹೆಗಲ ಮೇಲೆ ಹಾಕಿಕೊಂಡು ಪ್ರಾಣೇಶನ ಹತ್ತಿರ ಬಂದಿದ್ದ. "ಈಕಿನ್ನ ನೋಡ್ಲಿಕ್ಕೆ ನೀವು ಬರ್ತಾ ಇರಬೇಕಲ್ರಿ ಮಾವಾರ," ಎಂದಿದ್ದ ಮೆಲ್ಲಗೆ. ಪೊಲೀಸರು ಕೇಳಿದಾಗ ಪ್ರಾಣೇಶ, ಹೌದು, ಜಾರಿ ಬಿದ್ದಳು ಎಂದ.

*

ವೈಕುಂಠ ಸಮಾರಾಧನೆಗೆ ಮಗಳ ಚಿತ್ರ ಬೇಕಾಗಿತ್ತು. ಬರೆಯುವವಳು ಮನೆಯಲ್ಲೇ ಇದ್ದಳು. ಕಮಲಾಕ್ಷಿ ಕೂತಳು. ಅವಳ ಕೈ ತಾನಾಗಿ ಕಣ್ಣಲ್ಲಿ ಬಿಳಿ ಚುಕ್ಕಿ ಇಟ್ಟಿತು, ಗಲ್ಲಕ್ಕೆ ಗುಲಾಬಿ ಹಚ್ಚಿತು. ಹಲಗೆಯ ಮೇಲೆ ಯಾರೋ ನಗುತ್ತಿದ್ದರು. ಅವಳು ಅಡುಗೆಮನೆಯ ಚಾಕು ತಂದು ಕೆರೆದು ಹಾಕಿದಳು. ಮತ್ತೆ ಬರೆದಳು, ಮತ್ತೆ ಅದೇ ಮುಖ ಬಂತು, ಮತ್ತೆ ಕೆರೆದಳು. ಸಮಾರಾಧನೆಗೆ ಕೊನೆಗೆ ಫೋಟೋ ಇಟ್ಟರು.

ಆ ಮೇಲೆ ಒಂದು ದಿನ ಅವಳು ಮುಖ ಬಿಟ್ಟು ರಟ್ಟೆಯಿಂದ ಆರಂಭಿಸಿದಳು. ಗುಲಾಬಿ ಟ್ಯೂಬು ಮುಟ್ಟಲಿಲ್ಲ. ಹಳದಿ, ಹಸಿರು, ಬೂದಿ ಬಣ್ಣ. ನೀರಿನಲ್ಲಿ ತೊಯ್ದ ಚರ್ಮದ ಬಣ್ಣ ಅವಳಿಗೆ ನೆನಪಿತ್ತು. ರಟ್ಟೆಯಿಂದ ಹೆಗಲು, ಹೆಗಲಿನಿಂದ ಕುತ್ತಿಗೆ, ಕೊನೆಗೆ ಮುಖ. ಹಿಂದೆ ಆಕಾಶ ಬರೆಯಲಿಲ್ಲ. ಹಲಗೆಯ ಕಂದು ಹಾಗೇ ಉಳಿಯಿತು.

ಅದನ್ನು ಆಟೋದವನ ಕೈಹಚ್ಚಿಸಿ ಆಟೋದಲ್ಲಿ ಹಾಕಿಕೊಂಡು ಬೇಗಂ ಬಜಾರಿಗೆ ಒಯ್ದಳು. ಹಂಪಯ್ಯ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದ.

"ಇಷ್ಟು ವರ್ಷ ನೀ ನನ್ನ ಕೈಲೆ ಬರೀತಿದ್ದೆವ್ವಾ," ಎಂದ. "ಇದು ನಿನ್ನ ಕೈ ಐತಿ."

"ಛೊಲೊ ಬಂದದೇನ್ರಿ?"

"ಬಂದೈತಿ. ನನಗ ನೋಡಾಕ ಆಗವಲ್ದು. ತಿರಗಿಸಿ ಇಡು."

ಅವಳಿಗೆ ಮತ್ತೆ ಹಳೆಯ ಹಾಗೆ ಬರೆಯಲಾಗಲಿಲ್ಲ. ಪರಿಚಯದವರೊಬ್ಬರು ತಾಯಿಯ ಚಿತ್ರ ಕೇಳಿದಾಗ, ಆ ತಾಯಿಯ ಗಂಟುಬಿದ್ದ ಬೆರಳಿನಿಂದ ಶುರುಮಾಡಿದಳು. ಅವರು ತೆಗೆದುಕೊಳ್ಳಲಿಲ್ಲ. ಕೇಳುವವರು ನಿಂತುಹೋದರು. ವಾಚ್‌ಮನ್‌ನ ಹೆಂಡತಿಯ ಒಡೆದ ಹಿಮ್ಮಡಿ, ಇಸ್ತ್ರಿಯವನ ಬಾಗಿದ ಬೆನ್ನು: ಯಾರಿಗೆ ಎಲ್ಲಿ ನೋವೋ ಅಲ್ಲಿಂದ ಹಿಡಿದು ಬರೆದಳು, ಬರಿಯ ಕಂದು ಹಲಗೆಯ ಮೇಲೆ. ಪ್ರಾಣೇಶ ಆ ಕೋಣೆಗೆ ಹೋಗುವುದನ್ನೇ ಬಿಟ್ಟ. ದಸರೆಗೆ ಮೊಮ್ಮಗಳು ಎರಡು ದಿನ ಬಂದರೆ ಕೋಣೆಗೆ ಕೀಲಿ ಬೀಳುತ್ತಿತ್ತು. ಹಾಕುತ್ತಿದ್ದವಳು ಕಮಲಾಕ್ಷಿಯೇ.

*

ಲಿಫ್ಟಿನಲ್ಲಿ ಚಟ್ಟ ಹಿಡಿಯಲಿಲ್ಲ, ಮೆಟ್ಟಿಲಿನಿಂದಲೇ ಇಳಿಸಿದರು. ಮುಂದಿನ ಒಂದು ತುದಿಗೆ ವಿಶ್ವಜಿತ್ ಹೆಗಲು ಕೊಟ್ಟಿದ್ದ. ತಿರುವುಗಳಲ್ಲಿ "ಸಾವಕಾಶ, ಸಾವಕಾಶ" ಎನ್ನುತ್ತಿದ್ದ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಅಳಿಯ ಮಗನ ಹಾಗೆ ನಿಂತ ಎಂದು ಯಾರೋ ಹೊಗಳಿದರು.

ಸ್ಮಶಾನದಿಂದ ಬಂದು ಸ್ನಾನ ಮುಗಿಸಿ ಪ್ರಾಣೇಶ ಪಡಸಾಲೆಯ ಗೋಡೆಗೊರಗಿ ಕೂತ. ಹೆಣ ಮಲಗಿಸಿದ್ದ ಜಾಗದಲ್ಲಿ ದೀಪ ಉರಿಯುತ್ತಿತ್ತು. ನಿರೀಕ್ಷಾ ಬಂದು ಪಕ್ಕದಲ್ಲಿ ಕೂತಳು. ಹತ್ತನೆಯ ತರಗತಿಯ ಹುಡುಗಿ. ಅಳು ಮುಗಿದು ಮೂಗು ಕೆಂಪಾಗಿತ್ತು.

"ಅಜ್ಜಾ, ಅಮ್ಮನ ಚಿತ್ರ ಬರದೀನಿ, ದೊಡ್ಡಾಕಿ ಆದ ಮ್ಯಾಲೆ ಕೊಡ್ತೀನಿ ಅಂತ ಅಜ್ಜಿ ಅಂದಿದ್ದಳು. ಎಲ್ಲದ ಅದು?"

ತುಳಸಾಬಾಯಿ ಒಳಗೆ ಹೋಗಿ ಪ್ರಿಯಂವದಾಳ ಮದುವೆಯ ಫೋಟೋ ತಂದು ಕೊಟ್ಟಳು.

"ಇದು ಫೋಟೋ," ಎಂದಳು ನಿರೀಕ್ಷಾ. "ಅಜ್ಜಿ ಬರದದ್ದು ಬೇಕು."

ವಿಶ್ವಜಿತ್ ಬಾಗಿಲ ಬಳಿ ಬೂಟು ಹಾಕಿಕೊಳ್ಳುತ್ತಿದ್ದ. "ಆಮೇಲೆ ನೋಡಿದರಾತು. ನಡಿ."

"ಆಮೇಲೆ ಅಂದ್ರ? ದಸರಾಕ್ಕ ಬರೋಣೇನು?"

"ಅಜ್ಜಿನೇ ಇಲ್ಲ. ಅಡಿಗಿ ಯಾರು ಮಾಡ್ತಾರ? ಅಜ್ಜಗ ಯಾಕ ತ್ರಾಸು," ಎಂದ ಅವನು, ಲೇಸು ಕಟ್ಟುತ್ತ.

ಪ್ರಾಣೇಶ ಅಳಿಯನ ಬಗ್ಗಿದ ತಲೆಯನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಗೋಡೆ ಹಿಡಿದು ಎದ್ದ.

"ಪ್ರಾಣೇಶಾ," ಎಂದಳು ತುಳಸಾಬಾಯಿ.

ಅವನು ನಿಲ್ಲಲಿಲ್ಲ. ಒಳಗೆ ಕಪಾಟು ಸರಿದ ಸದ್ದಾಯಿತು. ಒಬ್ಬನಿಂದ ಏಳದ ಹಲಗೆಯನ್ನು ನೆಲದ ಮೇಲೆ ಎಳೆದುಕೊಂಡೇ ಬಂದ. ಚಾದರ ಅರ್ಧ ದಾರಿಯಲ್ಲೇ ಕಾಲಿಗೆ ಸಿಕ್ಕಿ ಉದುರಿತ್ತು. ದೀಪದ ಹತ್ತಿರ ಗೋಡೆಗೆ ಆನಿಸಿ ನಿಲ್ಲಿಸಿ, ಏದುಸಿರು ಬಿಡುತ್ತ ಪಕ್ಕಕ್ಕೆ ಸರಿದ.

ನಿರೀಕ್ಷಾ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತಳು. ತುಂಬಾ ಹೊತ್ತು ಮುಖವನ್ನೇ ನೋಡಿದಳು. ಆಮೇಲೆ ಅವಳ ಕಣ್ಣು ಕೆಳಗಿಳಿಯಿತು.

"ಇವು ಏನಜ್ಜಾ, ತೋಳಿನ ಮ್ಯಾಲೆ?"

"ನೀರು ಹಾಕೋ ಮುಂದ ಅಜ್ಜಿ ನೋಡಿದ್ದಳು."

"ಜಾರಿ ಬಿದ್ದರ ಹಿಂಗ ಆಗ್ತದೇನು?"

ತುಳಸಾಬಾಯಿ ಸೆರಗನ್ನು ಬಾಯಿಗೊತ್ತಿಕೊಂಡಳು.

"ಇಲ್ಲವ್ವಾ," ಎಂದ ಪ್ರಾಣೇಶ.

ನಿರೀಕ್ಷಾ ಕೈ ಚಾಚಿ ತನ್ನ ಬೆರಳುಗಳನ್ನು ಒಂದೊಂದಾಗಿ ಆ ಗುರುತುಗಳ ಮೇಲೆ ಇಟ್ಟಳು. ಬಣ್ಣ ಅಲ್ಲಿ ದಪ್ಪವಾಗಿತ್ತು. ಅವಳ ಬೆರಳು ಸಣ್ಣವು. ಹೆಬ್ಬೆರಳು ಆಚೆಯ ಗುರುತಿಗೆ ಮುಟ್ಟಲಿಲ್ಲ.

"ನಿರೀಕ್ಷಾ," ಎಂದ ವಿಶ್ವಜಿತ್ ಬಾಗಿಲಿನಿಂದ. "ಲೇಟ್ ಆಗ್ಲಿಕ್ಕತ್ತದ."

ಅವಳು ಕೂತಲ್ಲಿಂದಲೇ ತಿರುಗಿದಳು. ಅಪ್ಪನ ಮುಖ ನೋಡಲಿಲ್ಲ. ಕಾರಿನ ಕೀಲಿ ಹಿಡಿದ ಅವನ ಕೈಯನ್ನು ನೋಡಿದಳು, ಅವನು ಆ ಕೈಯನ್ನು ಪ್ಯಾಂಟಿನ ಜೇಬಿಗೆ ಇಳಿಸುವವರೆಗೂ.